ಕೊಳೆಗೇರಿ ಬಾಲ್ಯದ ಛಾಯಾಗ್ರಹಣ: ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ

ನಗರದ ಬಡ ವಸತಿಗಳಲ್ಲಿ ಬೆಳೆಯುವ ಮಕ್ಕಳನ್ನು ಕ್ಯಾಮೆರಾದಲ್ಲಿ ದಾಖಲಿಸುವ ಕೆಲಸಕ್ಕೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಲಂಡನ್, ನ್ಯೂಯಾರ್ಕ್, ರಿಯೊ, ಕೋಲ್ಕತ್ತ, ಮುಂಬಯಿ ಈ ಇತಿಹಾಸದಲ್ಲಿ ಮತ್ತೆ ಮತ್ತೆ ಬರುವ ಊರುಗಳು. ಮುಂಬಯಿ ಎಂದರೂ ಹೆಚ್ಚಿನ ಛಾಯಾಗ್ರಾಹಕರಿಗೆ ಅದು ಧಾರಾವಿ, ಮಾಹಿಮ್, ಇಲ್ಲವೇ ದಕ್ಷಿಣ ಮುಂಬಯಿಯ ಫುಟ್‌ಪಾತ್. ಲೋಕಲ್ ರೈಲಿನಲ್ಲಿ ಇನ್ನಷ್ಟು ಹೊತ್ತು ಕೂತರೆ ಸಿಗುವ ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲೂ ಖಾಡಿಯ (ಕಡಲ ಹಿನ್ನೀರಿನ) ಆಚೆ ದಂಡೆಯ ನವಿ ಮುಂಬಯಿಯಲ್ಲೂ ಜೋಪಡಪಟ್ಟಿಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿಯ ಮಗು ಪತ್ರಿಕೆಯ ಮುಖಪುಟಕ್ಕೆ ಬರಬೇಕಾದರೆ ಕಟ್ಟಡ ಕುಸಿಯಬೇಕು, ಗುಡ್ಡ ಜಾರಬೇಕು, ಅಥವಾ ಯಾರಾದರೂ ದಾನಿ ನೋಟ್‌ಬುಕ್ ಹಂಚಬೇಕು.

ಬಂದಾಗಲೂ ಬರುವುದು ಮಗುವಿನ ಮುಖ ಮಾತ್ರ. ಅದು ಮಲಗುವ ಜಾಗ, ನೀರು ತರುವ ದಾರಿ, ಓದಲು ಕೂರುವ ಮೂಲೆ, ಆ ನೆಲ ಯಾರದೆಂಬ ಪ್ರಶ್ನೆ ಇವೆಲ್ಲ ಚೌಕಟ್ಟಿನ ಹೊರಗೇ ಉಳಿಯುತ್ತವೆ. ಬಾಲ್ಯದ ಬಡತನ ಎಂದು ನಾವು ಕರೆಯುವುದರಲ್ಲಿ ಬಹುಪಾಲು ವಸತಿಯ ಬಡತನ. ಈ ಪ್ರಕಾರದಲ್ಲಿ ಗಟ್ಟಿಯಾಗಿ ಉಳಿದಿರುವ ಕೃತಿಗಳೆಲ್ಲ ಮಗುವಿನ ಜೊತೆಗೆ ಮನೆಯನ್ನೂ ತೋರಿಸಿದವು. ಮುಖಕ್ಕಷ್ಟೇ ನಿಂತವು ಕ್ಯಾಲೆಂಡರಿನ ಚಿತ್ರಗಳಾದವು.

ವಸತಿ ಬೆಳೆದ ಬಗೆ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಭಾರತದ ಮೊದಲ ಪ್ರಯಾಣಿಕರ ರೈಲು 34 ಕಿ.ಮೀ. ಓಡಿ ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಂದಿನಿಂದ ಈ ಊರುಗಳ ಪಾಡು ಹಳಿಗೆ ಅಂಟಿಕೊಂಡಿದೆ. ಮುಂಬಯಿಯಲ್ಲಿ ಬಾಡಿಗೆ ಕೈಗೆಟುಕದವರು ಇಲ್ಲಿ ಇಳಿದರು, ಇಲ್ಲಿಯೂ ಎಟುಕದವರು ಹಳಿಯ ಪಕ್ಕದಲ್ಲೋ ಗುಡ್ಡದ ಇಳಿಜಾರಿನಲ್ಲೋ ಖಾಡಿಯ ಜೌಗಿನಲ್ಲೋ ನೆಲೆ ಹಿಡಿದರು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಹುಟ್ಟಿತು. ಥಾಣೆಯ ವಾಗ್ಳೆ ಎಸ್ಟೇಟ್, ಖಾಡಿಯಾಚೆಯ ಥಾಣೆ–ಬೇಲಾಪುರ ಪಟ್ಟಿ, ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳು ಒಂದಾದ ಮೇಲೊಂದು ಬಂದವು. ಕಾರ್ಖಾನೆಗೆ ನೆಲ ಗುರುತಾಯಿತು, ಕಾರ್ಮಿಕನ ಮನೆಗೆ ಗುರುತಾಗಲಿಲ್ಲ. ವಾಗ್ಳೆ ಎಸ್ಟೇಟಿನ ಸುತ್ತಲಿನ ಕಿಸನ್ ನಗರ, ಲೋಕಮಾನ್ಯ ನಗರ, ಡೊಂಬಿವಲಿಯ ದತ್ತನಗರ, ಪಾಥರ್ಲಿ, ಕಲ್ಯಾಣದ ವಾಲಧುನಿ ಹೊಳೆಯಂಚು, ನವಿ ಮುಂಬಯಿಯ ದಿಘಾದಿಂದ ತುರ್ಭೆಯವರೆಗಿನ ಸಾಲು ವಸತಿಗಳು ಹೀಗೆ ಎದ್ದವು.

ನವಿ ಮುಂಬಯಿಯ ಕಥೆಯಲ್ಲಿ ಒಂದು ಕಟು ವ್ಯಂಗ್ಯವಿದೆ. ಚಾರ್ಲ್ಸ್ ಕೊರೆಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಅವರು 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಮುಂದಿಟ್ಟ ಹೊಸ ನಗರದ ಕನಸು, 1970ರಲ್ಲಿ ಸರ್ಕಾರಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಮೂಲಕ ಕಾಗದದಿಂದ ನೆಲಕ್ಕಿಳಿಯಿತು. ಇದು ದೇಶದ ಅತಿ ದೊಡ್ಡ ಯೋಜಿತ ನಗರಗಳಲ್ಲೊಂದು. ಬೇಲಾಪುರದಲ್ಲಿ ಕೊರೆಯಾ 1980ರ ದಶಕದಲ್ಲಿ ಕಟ್ಟಿದ ಅಂಗಳದ ಮನೆಗಳ ಚಿತ್ರಗಳು ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಪ್ರಪಂಚ ಸುತ್ತಿವೆ. ಅದೇ ನಗರದ ಬಂಡೆ ಕ್ವಾರಿಗಳ ಬಳಿಯಲ್ಲಿ, ಕೈಗಾರಿಕಾ ನಿಗಮದ ಖಾಲಿ ನೆಲಗಳಲ್ಲಿ ಎದ್ದ ತಗಡಿನ ಮನೆಗಳಿಗೆ ಆ ಭಾಗ್ಯ ಬರಲಿಲ್ಲ. ಈ ಮನೆಗಳಲ್ಲಿ 1972ರ ಬರದ ನಂತರ ಮರಾಠವಾಡ, ಸೊಲ್ಲಾಪುರದ ಕಡೆಯಿಂದ ಬಂದವರ ಜೊತೆ ಕಲಬುರಗಿ, ವಿಜಯಪುರ, ಯಾದಗಿರಿಯ ಕಡೆಯಿಂದ ಗುಳೆ ಬಂದವರೂ ಇದ್ದರು. ಅವರಲ್ಲಿ ಲಂಬಾಣಿ ತಾಂಡಾಗಳ ಕುಟುಂಬಗಳು ಹಲವು. ಕ್ವಾರಿಯಲ್ಲಿ ಕಲ್ಲು ಒಡೆದವರು, ಬೆಳಿಗ್ಗೆ ನಾಕಾದಲ್ಲಿ ನಿಂತು ದಿನಗೂಲಿ ಹಿಡಿದವರು ಇವರೇ. ಉತ್ತರ ಕರ್ನಾಟಕದ ಗುಳೆಯ ಬಗ್ಗೆ ನಮ್ಮ ಪತ್ರಿಕೆಗಳು ಪ್ರತಿ ಬೇಸಿಗೆಯಲ್ಲೂ ಚಿತ್ರ ಹಾಕುತ್ತವೆ: ಬೀಗ ಹಾಕಿದ ಮನೆ, ಗಂಟು ಮೂಟೆ ಹೊತ್ತು ಬಸ್ ಹತ್ತುವ ಹೆಂಗಸು, ಆಕೆಯ ಸೆರಗು ಹಿಡಿದ ಕೂಸು. ಆ ಬಸ್ಸು ಹೋಗಿ ಮುಟ್ಟುವ ಊರಿನಲ್ಲಿ ಆ ಕೂಸು ಎಲ್ಲಿ ಮಲಗುತ್ತದೆ ಎಂಬ ಚಿತ್ರ ಮಾತ್ರ ಕನ್ನಡ ಓದುಗನಿಗೆ ವಿರಳವಾಗಿ ಸಿಗುತ್ತದೆ.

2011ರ ಜನಗಣತಿಯ ವೇಳೆಗೆ ಥಾಣೆ ನಗರದಲ್ಲಿ 18.4 ಲಕ್ಷ, ಕಲ್ಯಾಣ–ಡೊಂಬಿವಲಿಯಲ್ಲಿ 12.5 ಲಕ್ಷ, ನವಿ ಮುಂಬಯಿಯಲ್ಲಿ 11.2 ಲಕ್ಷ ಜನರಿದ್ದರು. ಅದೇ ಗಣತಿ ದೇಶದ ಕೊಳೆಗೇರಿಗಳಲ್ಲಿ ಸುಮಾರು 6.5 ಕೋಟಿ ಜನರನ್ನು ಎಣಿಸಿತು. ಅವರಲ್ಲಿ ಆರು ವರ್ಷದೊಳಗಿನ ಮಕ್ಕಳೇ ಸುಮಾರು 80 ಲಕ್ಷ. ಗಣತಿಯ ಪ್ರಕಾರ ಕೊಳೆಗೇರಿ ಎನಿಸಿಕೊಳ್ಳಲು ಕನಿಷ್ಠ 300 ಜನ ಅಥವಾ 60–70 ಮನೆಗಳು ಒತ್ತಾಗಿ ಇರಬೇಕು. ಸೇತುವೆಯ ಕೆಳಗಿನ ಹತ್ತು ಕುಟುಂಬ, ಕಟ್ಟಡ ಕಾಮಗಾರಿಯ ಜಾಗದಲ್ಲೇ ಶೆಡ್ ಹಾಕಿಕೊಂಡ ಇಪ್ಪತ್ತು ಕುಟುಂಬ ಈ ಲೆಕ್ಕಕ್ಕೇ ಬರುವುದಿಲ್ಲ.

ಈ ನಗರಗಳ ಬಡ ವಸತಿ ಎಲ್ಲವೂ ಗುಡಿಸಲಲ್ಲ ಎಂಬುದನ್ನು ಛಾಯಾಗ್ರಾಹಕರು ಮರೆಯುತ್ತಾರೆ. ನೀಲಿ ತಾಡಪತ್ರಿ ಹೊದ್ದ ಜೋಪಡಿಯಿಂದ ಹಿಡಿದು ಇಟ್ಟಿಗೆ ಗೋಡೆಗೆ ತಗಡು ಹೊದಿಸಿದ ಚಾಳು, ಪರವಾನಗಿ ಇಲ್ಲದೆ ತರಾತುರಿಯಲ್ಲಿ ಎದ್ದ ಐದಾರು ಅಂತಸ್ತಿನ ಕಟ್ಟಡದವರೆಗೆ ಅದರ ಹರವು ಇದೆ. ಕೊನೆಯದು ಹೊರಗಿನಿಂದ ‘ಬಿಲ್ಡಿಂಗ್’ನಂತೆಯೇ ಕಾಣುತ್ತದೆ. ಬಣ್ಣ ಬಳಿದಿರುತ್ತದೆ, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಆದರೆ ಮಳೆಗಾಲದ ಮುನ್ನ ನಗರಪಾಲಿಕೆ ಪ್ರಕಟಿಸುವ ಅಪಾಯಕಾರಿ ಕಟ್ಟಡಗಳ ಪಟ್ಟಿಯಲ್ಲಿ ಇಂಥವು ಸೇರುವುದುಂಟು. ಬಡತನವೆಂದರೆ ಹರಿದ ತಾಡಪತ್ರಿ ಎಂದು ನಂಬಿದ ಕ್ಯಾಮೆರಾಕ್ಕೆ ಇದು ದಕ್ಕುವುದಿಲ್ಲ.

ಪರಂಪರೆ

ಸ್ಕಾಟ್‌ಲೆಂಡಿನ ಥಾಮಸ್ ಅನ್ನನ್ 1868ರಿಂದ 1871ರವರೆಗೆ ಗ್ಲಾಸ್ಗೋದ ಇಕ್ಕಟ್ಟಿನ ಓಣಿಗಳನ್ನು ತೆಗೆದದ್ದು ನಗರಾಡಳಿತಕ್ಕಾಗಿ, ಕೆಡವುವ ಮುಂಚಿನ ದಾಖಲೆಗೆಂದು. ಆ ಕಾಲದ ಪ್ಲೇಟಿಗೆ ಬೆಳಕು ಬಹಳ ಹೊತ್ತು ಬೀಳಬೇಕಿತ್ತು. ಓಣಿಯಲ್ಲಿ ನಿಂತ ಮಕ್ಕಳು ಅಲುಗಾಡಿ ಮಸುಕಾಗಿ ಮೂಡಿದರು, ಗೋಡೆಗಳು ಮಾತ್ರ ಸ್ಪಷ್ಟವಾಗಿ ಉಳಿದವು.

ಇದಕ್ಕೆ ತದ್ವಿರುದ್ಧ ಲಂಡನ್ನಿನ ಡಾ. ಬರ್ನಾರ್ಡೊ. ಅನಾಥಾಲಯಕ್ಕೆ ಹಣ ಕೂಡಿಸಲು ಆತ ‘ಮೊದಲು’ ಮತ್ತು ‘ಆಮೇಲೆ’ ಎಂಬ ಜೋಡಿ ಕಾರ್ಡುಗಳನ್ನು ಮಾರಿದ. ಮೊದಲ ಕಾರ್ಡಿನಲ್ಲಿ ಚಿಂದಿ ಉಟ್ಟ ಮಗು, ಎರಡನೆಯದರಲ್ಲಿ ಅದೇ ಮಗು ಏಪ್ರನ್ ತೊಟ್ಟು ಕಸಬು ಕಲಿಯುತ್ತಿರುವುದು. ಮಕ್ಕಳನ್ನು ಬೇಕೆಂದೇ ಹೆಚ್ಚು ದೀನರಂತೆ ತೋರಿಸಲಾಗಿದೆ ಎಂಬ ದೂರು 1877ರಲ್ಲಿ ಪಂಚಾಯಿತಿಯ ಮುಂದೆ ಬಂತು, ಪಂಚರು ಈ ಕೃತಕ ಚಿತ್ರಗಳನ್ನು ಖಂಡಿಸಿದರು. ಮನೆಯನ್ನು ಅಳಿಸಿ, ಸ್ಟುಡಿಯೊ ಪರದೆಯ ಮುಂದೆ ಮಗುವನ್ನು ಒಂಟಿಯಾಗಿ ನಿಲ್ಲಿಸಿ ದೇಣಿಗೆ ಕೇಳುವ ಈ ಪದ್ಧತಿಗೆ ಇಂದಿಗೂ ಸಾವಿಲ್ಲ. ದಾನಿಗಳಿಗೆ ಕಳಿಸುವ ಕರಪತ್ರಗಳನ್ನು ತಿರುವಿ ಹಾಕಿದರೆ ಸಾಕು.

ಡೆನ್ಮಾರ್ಕಿನಿಂದ ನ್ಯೂಯಾರ್ಕಿಗೆ ಬಂದ ಪೊಲೀಸ್ ವರದಿಗಾರ ಜೇಕಬ್ ರೀಸ್ 1890ರಲ್ಲಿ ಪ್ರಕಟಿಸಿದ ‘ಹೌ ದಿ ಅದರ್ ಹಾಫ್ ಲಿವ್ಸ್’ ಈ ಪ್ರಕಾರದ ಮೂಲ ಗ್ರಂಥ. ಆಗಷ್ಟೇ ಬಂದಿದ್ದ ಮೆಗ್ನೀಸಿಯಮ್ ಫ್ಲ್ಯಾಶ್ ಪುಡಿ ಹಚ್ಚಿ, ಕಿಟಕಿಯೇ ಇಲ್ಲದ ಕೋಣೆಗಳ ಒಳಗನ್ನು ಆತ ಮೊದಲ ಬಾರಿಗೆ ಹೊರಜಗತ್ತಿಗೆ ತೋರಿಸಿದ. ಬೆಂಕಿ ಹತ್ತಿದ ಪ್ರಸಂಗಗಳೂ ಇವೆ. ರೀಸ್ ಸಾಧುವೇನಲ್ಲ. ಬೀದಿ ಹುಡುಗರನ್ನು ಮೆಟ್ಟಿಲ ಮೂಲೆಯಲ್ಲಿ ಕಣ್ಣು ಮುಚ್ಚಿಸಿ ಮಲಗಿದಂತೆ ನಟಿಸುವಂತೆ ಮಾಡಿದ, ವಲಸಿಗ ಜನಾಂಗಗಳ ಬಗ್ಗೆ ಹಗುರವಾಗಿ ಬರೆದ. ಆದರೂ ಆತನ ಕಣ್ಣು ಕಟ್ಟಡದ ಮೇಲಿತ್ತು. ಎಷ್ಟು ಅಡಿ ಕೋಣೆ, ಎಷ್ಟು ಜನ, ಎಷ್ಟು ಬಾಡಿಗೆ, ಗಾಳಿ ಎಲ್ಲಿಂದ ಎಂದು ಲೆಕ್ಕ ಹಿಡಿದ. 1901ರ ನ್ಯೂಯಾರ್ಕ್ ವಸತಿ ಕಾಯ್ದೆಯ ಹಿಂದೆ ಇದ್ದ ಒತ್ತಡದಲ್ಲಿ ಆತನ ಪಾಲು ದೊಡ್ಡದು. ಲೂಯಿಸ್ ಹೈನ್ 1908ರಿಂದ ಬಾಲಕಾರ್ಮಿಕರನ್ನು ಚಿತ್ರಿಸುವಾಗ ಇದೇ ಶಿಸ್ತನ್ನು ಇನ್ನೂ ಮುಂದೆ ಒಯ್ದ. ಕೋಟಿನ ಗುಂಡಿಗಳ ಎತ್ತರವನ್ನು ಮೊದಲೇ ಅಳೆದಿಟ್ಟುಕೊಂಡು, ಎದುರು ನಿಂತ ಹುಡುಗನ ಎತ್ತರ ಯಾವ ಗುಂಡಿಗೆ ಬರುತ್ತದೆಂದು ನೋಡಿ ಆತ ಗುಟ್ಟಾಗಿ ಬರೆದುಕೊಳ್ಳುತ್ತಿದ್ದ.

ಮುಖದ ಮೇಲಷ್ಟೇ ಕಣ್ಣಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ ಅವರ ಅನುಭವ ಪಾಠ. 1961ರಲ್ಲಿ ‘ಲೈಫ್’ ಪತ್ರಿಕೆಗಾಗಿ ಅವರು ರಿಯೊ ನಗರದ ಗುಡ್ಡದ ಮೇಲಿನ ಜೋಪಡಿಯೊಂದರಲ್ಲಿ ಫ್ಲಾವಿಯೊ ಎಂಬ ಹನ್ನೆರಡರ ಹುಡುಗನನ್ನು ಕಂಡರು. ಆಸ್ತಮಾದಿಂದ ಬಳಲುತ್ತಿದ್ದ ಆ ಹುಡುಗ ತಮ್ಮ ತಂಗಿಯರಿಗೆಲ್ಲ ಅಡುಗೆ ಮಾಡಿ ಹಾಕುತ್ತಿದ್ದ. ಚಿತ್ರ ನೋಡಿದ ಓದುಗರಿಂದ ಸಾವಿರಾರು ಡಾಲರ್ ಹರಿದು ಬಂತು. ಹುಡುಗನನ್ನು ಚಿಕಿತ್ಸೆಗೆಂದು ಅಮೆರಿಕದ ಡೆನ್ವರಿಗೆ ಕರೆದೊಯ್ದರು, ಎರಡು ವರ್ಷದ ಮೇಲೆ ಅವನ ಇಷ್ಟಕ್ಕೆ ವಿರುದ್ಧವಾಗಿ ಬ್ರೆಜಿಲಿಗೆ ವಾಪಸು ಕಳಿಸಿದರು. ಇತ್ತ ಕೆರಳಿದ ಬ್ರೆಜಿಲಿನ ‘ಓ ಕ್ರುಜೈರೊ’ ಪತ್ರಿಕೆ ತನ್ನ ಛಾಯಾಗ್ರಾಹಕನನ್ನು ನ್ಯೂಯಾರ್ಕಿಗೆ ಅಟ್ಟಿ ಅಲ್ಲಿಯ ಬಡ ಮಕ್ಕಳ ಚಿತ್ರ ಛಾಪಿಸಿತು. ಎರಡು ದೇಶಗಳ ಜಗಳಕ್ಕೆ ಎರಡೂ ಕಡೆಯ ಮಕ್ಕಳು ಆಯುಧವಾದರು.

ಹೆಚ್ಚು ಪ್ರಸಿದ್ಧವಲ್ಲದ, ಆದರೆ ಈ ಲೇಖನದ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದ ಕೆಲಸ ಬ್ರಿಟನ್ನಿನ ನಿಕ್ ಹೆಡ್ಜಸ್ ಅವರದು. ವಸತಿಹೀನರ ಪರ ದುಡಿಯುವ ‘ಶೆಲ್ಟರ್’ ಸಂಸ್ಥೆಗಾಗಿ 1968ರಿಂದ 1972ರವರೆಗೆ ಅವರು ಗ್ಲಾಸ್ಗೋ, ಬರ್ಮಿಂಗ್‌ಹ್ಯಾಮ್, ಲಿವರ್‌ಪೂಲ್‌ಗಳ ಕೊಳಕು ಮನೆಗಳಲ್ಲಿ ಓಡಾಡಿದರು. ಒದ್ದೆ ಗೋಡೆ, ನಡುವೆ ಕುಸಿದ ಹಾಸಿಗೆ, ಅದರ ಮೇಲೆ ಒತ್ತೊತ್ತಾಗಿ ಮಲಗಿದ ಮಕ್ಕಳು. ಆ ಮಕ್ಕಳು ದೊಡ್ಡವರಾದ ಮೇಲೆ ಅವರಿಗೆ ಅವಮಾನವಾಗಬಾರದೆಂದು ಚಿತ್ರಗಳ ಸಾರ್ವಜನಿಕ ಬಳಕೆಗೆ ನಲವತ್ತು ವರ್ಷಗಳ ನಿರ್ಬಂಧ ಹಾಕಲಾಗಿತ್ತು. 2014ರಲ್ಲಷ್ಟೇ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಅವು ದೊಡ್ಡ ಪ್ರದರ್ಶನವಾದವು. ತೆಗೆದ ಚಿತ್ರವನ್ನು ಸಂಜೆಯೊಳಗೆ ಇನ್‌ಸ್ಟಾಗ್ರಾಮಿಗೆ ಏರಿಸುವ ಕಾಲದಲ್ಲಿ ಈ ನಲವತ್ತು ವರ್ಷ ನಂಬಲಾರದ ಸಂಗತಿಯಂತೆ ತೋರುತ್ತದೆ.

ಭಾರತದಲ್ಲಿ

ಭಾರತದಲ್ಲಿ ಬಡತನದ ಚಿತ್ರಕ್ಕೆ ರಾಜಕೀಯ ಬಲ ಕೊಟ್ಟವರು ಸುನಿಲ್ ಜಾನಾ. 1943ರ ಬಂಗಾಳ ಬರಗಾಲದ ಅವರ ಚಿತ್ರಗಳು ಕಮ್ಯೂನಿಸ್ಟ್ ಪಕ್ಷದ ಪತ್ರಿಕೆಯಲ್ಲಿ ಅಚ್ಚಾದವು. ಕನ್ನಡಿಗರ ಪಾಲಿಗೆ ಈ ಸಾಲಿನಲ್ಲಿ ನಿಲ್ಲುವ ಹೆಸರು ಮೈಸೂರಿನ ಟಿ.ಎಸ್. ಸತ್ಯನ್ (1923–2009). ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗಾಗಿ ದೇಶ ಸುತ್ತಿದ ಸತ್ಯನ್ ಮಕ್ಕಳ ಚಿತ್ರಗಳನ್ನು ರಾಶಿ ರಾಶಿ ತೆಗೆದರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಅವರ ಮಕ್ಕಳು ಕ್ಯಾಮೆರಾದತ್ತ ಕೈ ಚಾಚಿ ನಿಂತವರಲ್ಲ. ಅವರು ಆಡುತ್ತಿರುತ್ತಾರೆ, ಸ್ಲೇಟಿನಲ್ಲಿ ತಿದ್ದುತ್ತಿರುತ್ತಾರೆ, ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ಇನ್ನೆಲ್ಲೋ ನೋಡುತ್ತಿರುತ್ತಾರೆ. ಬಡತನ ಅಲ್ಲಿದೆ, ಆದರೆ ಅದು ಮಗುವಿನ ಪೂರ್ತಿ ಪರಿಚಯವಾಗುವುದಿಲ್ಲ. ನಂತರ ಬಂದ ಬಹಳಷ್ಟು ಕೆಲಸಕ್ಕಿಂತ ಇದು ಮೇಲು ಎನ್ನಲು ಸಂಕೋಚ ಬೇಕಿಲ್ಲ.

ಮುಂಬಯಿಯ ಮಕ್ಕಳ ಮೇಲೆಯೇ ಬಂದ ಮುಖ್ಯ ಪುಸ್ತಕ ಇಟಲಿಯ ಡಾರಿಯೊ ಮಿಟಿಡಿಯೆರಿ ಅವರ ‘ಚಿಲ್ಡ್ರನ್ ಆಫ್ ಬಾಂಬೆ’ (1994). ಅದರ ವಸ್ತು ಬೀದಿ, ಮನೆಯಲ್ಲ. ಸೆಬಾಸ್ಟಿಯೊ ಸಲ್ಗಾಡೊ 1995ರಲ್ಲಿ ತೆಗೆದ ಮಾಹಿಮಿನ ಚಿತ್ರ ಇದಕ್ಕಿಂತ ಬೇರೆ. ಜೋಪಡಿಗಳ ನಡುವೆ ಹಾದುಹೋಗುವ ದೈತ್ಯ ನೀರಿನ ಕೊಳವೆಗಳು ಅಲ್ಲಿವೆ. ಕೊಳವೆಯೊಳಗಿನ ನೀರು ಉಳ್ಳವರ ಬಡಾವಣೆಗೆ. ಮುಂಬಯಿಗೆ ನೀರು ಬರುವುದು ತಾನ್ಸಾ, ಭಾತ್ಸಾ ಮೊದಲಾದ ಜಲಾಶಯಗಳಿಂದ. ಈ ಎರಡೂ ಇರುವುದು ಥಾಣೆ ಜಿಲ್ಲೆಯಲ್ಲಿ. ಸಲ್ಗಾಡೊ ಆ ಕೊಳವೆಯ ಗುಂಟ ಹಿಂದಕ್ಕೆ ನಡೆದು ಬಂದಿದ್ದರೆ ಈ ಲೇಖನದ ಊರುಗಳಿಗೇ ಬಂದು ಮುಟ್ಟುತ್ತಿದ್ದರು.

ನಾರ್ವೆಯ ಯೋನಾಸ್ ಬೆಂಡಿಕ್ಸನ್ 2008ರಲ್ಲಿ ಹೊರತಂದ ‘ದಿ ಪ್ಲೇಸಸ್ ವಿ ಲಿವ್’ ವಸತಿಯನ್ನೇ ನಾಯಕನಾಗಿಸಿತು. ನೈರೋಬಿ, ಮುಂಬಯಿ, ಜಕಾರ್ತಾ, ಕರಾಕಸ್ ನಗರಗಳ ಕೊಳೆಗೇರಿ ಮನೆಗಳಲ್ಲಿ ಆತ ನಾಲ್ಕೂ ಗೋಡೆಗಳನ್ನು ಸೆರೆಹಿಡಿದ. ಪ್ರದರ್ಶನದಲ್ಲಿ ಆ ಗೋಡೆಗಳು ನೋಡುಗನ ಸುತ್ತ ನಿಜ ಅಳತೆಯಲ್ಲಿ ಮೂಡುತ್ತಿದ್ದವು, ಮನೆಯವರೇ ತಮ್ಮ ಮಾತಿನಲ್ಲಿ ಕಥೆ ಹೇಳುತ್ತಿದ್ದರು. ಗೋಡೆಯ ಮೇಲಿನ ಸ್ಟೀಲ್ ಪಾತ್ರೆಗಳ ಸಾಲು, ದೇವರ ಪಟ, ಟಿವಿ, ಮಗುವಿನ ಶಾಲೆಯ ಚೀಲ ಎಲ್ಲ ಕಾಣುತ್ತವೆ. ಮುಂಬಯಿಯ ಸುಧಾರಕ ಓಲ್ವೆ ಅವರು ಸಫಾಯಿ ಕಾರ್ಮಿಕರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸಿದ್ದಾರೆ. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಲನಚಿತ್ರದಲ್ಲಿ ಆನಂದ್ ಪಟವರ್ಧನ್ ಅವರ ‘ಹಮಾರಾ ಶಹರ್’ (1985) ಇದೇ ನಗರದ ಗುಡಿಸಲು ತೆರವನ್ನು ಕುರಿತದ್ದು. ಬಡವರ ಚಿತ್ರ ತೆಗೆದು ನಿಮಗೆ ಹೆಸರು, ನಮಗೇನು ಎಂಬ ಧಾಟಿಯಲ್ಲಿ ಹೆಂಗಸೊಬ್ಬಳು ನಿರ್ದೇಶಕರನ್ನೇ ತರಾಟೆಗೆ ತೆಗೆದುಕೊಳ್ಳುವ ದೃಶ್ಯವನ್ನು ಅವರು ಕತ್ತರಿಸದೆ ಉಳಿಸಿಕೊಂಡರು. ಆ ಪ್ರಶ್ನೆಗೆ ಈ ಕಸುಬಿನಲ್ಲಿ ಇನ್ನೂ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ದುರಂತದ ಕ್ಯಾಮೆರಾ, ದಾನದ ಕ್ಯಾಮೆರಾ

2013ರ ಏಪ್ರಿಲ್ 4ರ ಸಂಜೆ ಮುಂಬ್ರಾ ಸಮೀಪದ ಶೀಳ್ ಫಾಟಾದಲ್ಲಿ ಲಕ್ಕಿ ಕಂಪೌಂಡ್ ಎಂಬಲ್ಲಿ ಅಕ್ರಮವಾಗಿ ಏರುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 74 ಜನ ಸತ್ತರು. ಮೇಲಿನ ಅಂತಸ್ತು ಕಟ್ಟುತ್ತಿರುವಾಗಲೇ ಕೆಳಗಿನ ಅಂತಸ್ತುಗಳಲ್ಲಿ ಕುಟುಂಬಗಳು ಬಂದು ನೆಲೆಸಿದ್ದವು. ಸತ್ತವರಲ್ಲಿ ಮಕ್ಕಳೂ ಇದ್ದರು. ಅವಶೇಷದಡಿಯಿಂದ ಹೊರತೆಗೆದ ಎಳೆಯರ ಚಿತ್ರಗಳು ಮರುದಿನ ಪತ್ರಿಕೆಗಳನ್ನು ತುಂಬಿದವು. ವಾರದೊಳಗೆ ಕ್ಯಾಮೆರಾಗಳು ಹೊರಟುಹೋದವು. 2021ರ ಜುಲೈಯಲ್ಲಿ ಥಾಣೆಯ ಕಳವಾ ಪ್ರದೇಶದ ಗುಡ್ಡದ ಇಳಿಜಾರಿನ ಮನೆಗಳ ಮೇಲೆ ಮಣ್ಣು ಕುಸಿದು ಐವರು ಸತ್ತಾಗಲೂ ಹೀಗೇ ಆಯಿತು. ದುರಂತದ ಚಿತ್ರ ಮಗು ಸತ್ತ ದಿನವನ್ನು ತೋರಿಸುತ್ತದೆ. ಅದೇ ಇಳಿಜಾರಿನಲ್ಲಿ ಉಳಿದ ಮಕ್ಕಳು ಮುಂದಿನ ಮಳೆಗಾಲವನ್ನು ಹೇಗೆ ಕಳೆಯುತ್ತಾರೆಂದು ತೋರಿಸುವುದಿಲ್ಲ. ಕಲ್ಯಾಣದ ಆಧಾರವಾಡಿ ಕಸದ ಗುಡ್ಡವೂ ಹೊಗೆ ಎದ್ದಾಗ ಮಾತ್ರ ಸುದ್ದಿಯಾಗುತ್ತಿತ್ತು, ಚಿಂದಿ ಆಯುವ ಮಕ್ಕಳ ನೆರಳು ಹೊಗೆಯ ಮುಂದೆ ಮೂಡಿದರೆ ಸಂಪಾದಕರಿಗೆ ಇನ್ನೂ ಇಷ್ಟ. 2021ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು.

ದಾನದ ಕ್ಯಾಮೆರಾಕ್ಕೆ ಇನ್ನೊಂದು ವ್ಯಾಕರಣವಿದೆ. ಬ್ಯಾನರ್ ಹಿಂದೆ, ಮಕ್ಕಳು ಮುಂದೆ, ಕೊಡುವ ಕೈ ಬಲಗಡೆ, ತೆಗೆದುಕೊಳ್ಳುವ ಕೈ ಎಡಗಡೆ. ಥಾಣೆಯ ಸಿಗ್ನಲ್ ಶಾಲೆ ಈ ಜಾಡಿನಿಂದ ಸ್ವಲ್ಪ ತಪ್ಪಿಸಿಕೊಂಡದ್ದು ಗಮನಾರ್ಹ. 2016ರಲ್ಲಿ ಸಮರ್ಥ ಭಾರತ ವ್ಯಾಸಪೀಠ ಸಂಸ್ಥೆ ಥಾಣೆ ನಗರಪಾಲಿಕೆಯ ಜೊತೆಗೂಡಿ ತೀನ್ ಹಾತ್ ನಾಕಾದ ಫ್ಲೈಓವರ್ ಕೆಳಗೆ ಕಂಟೇನರ್ ಇಟ್ಟು, ಸಿಗ್ನಲ್‌ನಲ್ಲಿ ಹೂ, ಆಟಿಕೆ ಮಾರುತ್ತಿದ್ದ ಮಕ್ಕಳಿಗೆ ತರಗತಿ ತೆರೆಯಿತು. ಅಲ್ಲಿಯ ಚಿತ್ರಗಳಲ್ಲಿ ಮಕ್ಕಳ ತಲೆಯ ಮೇಲೆ ಸೇತುವೆಯ ಕಾಂಕ್ರೀಟು, ಹಿಂದೆ ಓಡುವ ವಾಹನಗಳು ಕಾಣಲೇಬೇಕು. ಜಾಗವೇ ಕಥೆಯಾದ್ದರಿಂದ ಯಾರಿಗೂ ಅದನ್ನು ಕತ್ತರಿಸಲು ಬರುವುದಿಲ್ಲ.

ಒಳಕೋಣೆಯ ಕುಶಲತೆ

ಚಾಳಿನ ಅಥವಾ ಜೋಪಡಿಯ ಕೋಣೆ ಸಾಮಾನ್ಯವಾಗಿ ಹತ್ತಡಿ ಅಗಲ, ಹತ್ತು ಹನ್ನೆರಡಡಿ ಉದ್ದ. ಒಂದು ಮೂಲೆಯಲ್ಲಿ ಮೋರಿ, ಅಲ್ಲೇ ಪಾತ್ರೆ, ಅಲ್ಲೇ ಸ್ನಾನ. ಮೇಲೆ ಹಲಗೆ ಹಾಕಿದ ಮಾಳಾ, ಮಕ್ಕಳ ಓದು ನಿದ್ದೆ ಎರಡೂ ಅಲ್ಲಿಯೇ. ಬಾಗಿಲ ಹತ್ತಿರ ನೀಲಿ ಡ್ರಮ್ಮು. ಬೆಳಕು ಬರುವುದು ಬಾಗಿಲಿಂದ ಮಾತ್ರ, ಆ ಬಾಗಿಲಲ್ಲಿ ಛಾಯಾಗ್ರಾಹಕ ನಿಂತರೆ ಅದೂ ಮುಚ್ಚಿಹೋಗುತ್ತದೆ. ಹೀಗಾಗಿ ಸೋಮಾರಿ ಕ್ಯಾಮೆರಾ ಒಳಗೆ ಹೋಗುವುದೇ ಇಲ್ಲ, ಮಗುವನ್ನು ಹೊಸ್ತಿಲಿಗೆ ಕರೆದು ಕತ್ತಲ ಹಿನ್ನೆಲೆಯಲ್ಲಿ ಮುಖ ತೆಗೆದು ಮುಗಿಸುತ್ತದೆ. ಕೊಳೆಗೇರಿ ಮಕ್ಕಳ ಚಿತ್ರಗಳಲ್ಲಿ ಹೊಸ್ತಿಲು ಇಷ್ಟು ಪದೇ ಪದೇ ಬರಲು ಕಾವ್ಯ ಕಾರಣವಲ್ಲ, ಬೆಳಕಿನ ಕೊರತೆ ಕಾರಣ.

ಒಳಗೆ ಹೋದವರಿಗೆ ತೊಂದರೆ ಬೇರೆ. ಅಗಲ ಕೋನದ ಲೆನ್ಸ್ ಕೋಣೆಯನ್ನು ಇರುವುದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತದೆ. ಆರು ಜನರ ಇಕ್ಕಟ್ಟು ಹಾಲ್‌ನಂತೆ ಕಾಣುತ್ತದೆ. ನಿಂತುಕೊಂಡು ಕೆಳಮುಖವಾಗಿ ತೆಗೆದರೆ ಮಗು ಕುಗ್ಗಿ ದೀನವಾಗುತ್ತದೆ. ಮಂಡಿಯೂರಿ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದರೆ ಅದೇ ಕೋಣೆ, ಅದೇ ಮಗು, ಚಿತ್ರ ಬೇರೆ. ಸಮಯವೂ ಮುಖ್ಯ. ಛಾಯಾಗ್ರಾಹಕರು ಬರುವುದು ತಿಂಡಿ ಮುಗಿಸಿ ಹತ್ತು ಗಂಟೆಗೆ. ನೀರಿನ ಸರದಿ, ಸಾರ್ವಜನಿಕ ಶೌಚಾಲಯದ ಸಾಲು, ತಮ್ಮನನ್ನು ಎಬ್ಬಿಸಿ ಅಂಗನವಾಡಿಗೆ ಬಿಡುವ ಅಕ್ಕ ಇವೆಲ್ಲ ಅಷ್ಟು ಹೊತ್ತಿಗೆ ಮುಗಿದಿರುತ್ತವೆ. ಉಳಿದಿರುವುದು ಆಡುವ ಮಕ್ಕಳು, ಅವರು ಕ್ಯಾಮೆರಾ ಕಂಡ ಕೂಡಲೇ ಓಡಿ ಬಂದು ಎರಡು ಬೆರಳೆತ್ತಿ ನಗುತ್ತಾರೆ. ಆ ನಗುವಿನ ಚಿತ್ರಗಳೆಲ್ಲ ತಿರಸ್ಕಾರವಾಗಿ, ನಡುವೆ ಆಯಾಸದಿಂದ ಮುಖ ಇಳಿಸಿಕೊಂಡ ಒಂದೇ ಒಂದು ಚಿತ್ರ ಕಪ್ಪು ಬಿಳುಪಿಗೆ ತಿರುಗಿ ಪ್ರದರ್ಶನಕ್ಕೆ ಹೋಗುತ್ತದೆ. ಅಡಿಬರಹ: ‘ಕೊಳೆಗೇರಿ ಬಾಲಕಿ, ಮುಂಬಯಿ’. ಅದು ಮುಂಬಯಿಯಲ್ಲ, ತುರ್ಭೆ. ಕೊಳೆಗೇರಿಗೂ ಒಂದು ಹೆಸರಿದೆ. ಅದನ್ನು ಬರೆದಿದ್ದರೆ ಓದುಗನಿಗೆ ಆ ನೆಲದ ಒಡೆಯ ಯಾರು, ಅಲ್ಲಿ ನಲ್ಲಿ ಏಕಿಲ್ಲ ಎಂದು ಕೇಳಲಾದರೂ ಅವಕಾಶವಿರುತ್ತಿತ್ತು.

ನಿವಾಸಿಗಳಿಗೆ ಬೇಕಾದ ಚಿತ್ರ

ಜೋಪಡಪಟ್ಟಿಯ ಮನೆಗಳಲ್ಲಿ ಜತನದಿಂದ ಇಟ್ಟ ಒಂದು ಫೋಟೊ ಇದ್ದೇ ಇರುತ್ತದೆ, ಅದು ಯಾವ ಕಲಾವಿದನೂ ತೆಗೆದದ್ದಲ್ಲ. ಮಹಾರಾಷ್ಟ್ರ ಸರ್ಕಾರ 1976ರಲ್ಲಿ ಗುಡಿಸಲುಗಳ ಗಣತಿ ನಡೆಸಿ ‘ಫೋಟೊ ಪಾಸ್’ ಎಂಬ ಗುರುತು ಪತ್ರ ಕೊಡತೊಡಗಿತು: ಮನೆಯ ಯಜಮಾನ, ಯಜಮಾನಿಯ ಚಿತ್ರ, ಗುಡಿಸಲಿನ ಸಂಖ್ಯೆ. ಮುಂದೆ ಪುನರ್ವಸತಿಯ ಅರ್ಹತೆಗೆ ಕಟ್‌ಆಫ್ ದಿನಾಂಕ ಬಂತು. 1995ರ ಜನವರಿ 1 ಇದ್ದದ್ದು ಆಮೇಲೆ 2000ದ ಜನವರಿ 1ಕ್ಕೆ ಸರಿಯಿತು. ಆ ದಿನಕ್ಕೆ ಮುಂಚೆ ಇಲ್ಲಿದ್ದೆವೆಂದು ಸಾಬೀತು ಮಾಡುವ ಕಾಗದ ಇದ್ದವರಿಗೆ ಮನೆ ಸಿಗುತ್ತಿತ್ತು, ಇಲ್ಲದವರಿಗೆ ಬುಲ್ಡೋಜರ್ ಬರುತ್ತಿತ್ತು. ಫೋಟೊ ಪಾಸ್, ರೇಷನ್ ಕಾರ್ಡು, ವಿದ್ಯುತ್ ಬಿಲ್ಲು, ಮಗುವಿನ ಶಾಲೆಯ ದಾಖಲಾತಿ ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಾಳಾದಲ್ಲಿ ಇಡುತ್ತಾರೆ, ಮಳೆ ನೀರು ನುಗ್ಗಿದರೆ ಅನ್ನದ ಪಾತ್ರೆಗಿಂತ ಮುಂಚೆ ಅದನ್ನು ಎತ್ತುತ್ತಾರೆ. ಈ ಭಯಕ್ಕೆ ಕಾರಣವಿದೆ: 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣದ ತಗ್ಗು ಪ್ರದೇಶಗಳೂ ಮುಳುಗಿದ್ದವು.

ಅದೇ ಚೀಲದಲ್ಲಿ ಮಕ್ಕಳ ಚಿತ್ರಗಳೂ ಇರುತ್ತವೆ: ಸ್ಟುಡಿಯೊದಲ್ಲಿ ಬಣ್ಣದ ಪರದೆಯ ಮುಂದೆ ಕೂರಿಸಿ ತೆಗೆಸಿದ್ದು, ಹುಟ್ಟುಹಬ್ಬದ್ದು, ಶಾಲೆಯ ಗುಂಪು ಫೋಟೊ. ಇಲ್ಲಿ ಮಗು ಇಸ್ತ್ರಿ ಅಂಗಿ ತೊಟ್ಟು, ಎಣ್ಣೆ ಹಾಕಿ ತಲೆ ಬಾಚಿಕೊಂಡು ನೆಟ್ಟಗೆ ನಿಂತಿರುತ್ತದೆ. ತಾಯಿ ತಂದೆ ತಮ್ಮ ಮಗುವನ್ನು ಜಗತ್ತು ಹೇಗೆ ನೋಡಬೇಕೆಂದು ಬಯಸುತ್ತಾರೋ ಆ ಚಿತ್ರ ಇದು. ಬಡತನದ ಛಾಯಾಗ್ರಹಣದ ಯಾವ ಸಮೀಕ್ಷೆಯೂ ಇದನ್ನು ಲೆಕ್ಕಕ್ಕೆ ಹಿಡಿಯದಿರುವುದು ಲೋಪವೇ ಸರಿ.

ಕಾನೂನು, ಒಪ್ಪಿಗೆ

2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ವಿಚಾರಣೆ, ತನಿಖೆ, ನ್ಯಾಯಪ್ರಕ್ರಿಯೆಗಳ ವರದಿಯಲ್ಲಿ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನುಬಾಹಿರವಾಗಿ ದುಡಿಯುವ, ಭಿಕ್ಷೆ ಬೇಡುವ, ಬೀದಿಯಲ್ಲಿ ಬದುಕುವ ಮಗು ಈ ವ್ಯಾಖ್ಯೆಯೊಳಗೆ ಬರುತ್ತದೆ. ಕಸದ ಗುಡ್ಡದ ಮಗುವಿನ, ಸಿಗ್ನಲ್‌ನ ಮಗುವಿನ ಮುಖ ತೋರಿಸುವ ಎಷ್ಟೋ ‘ಪ್ರಶಸ್ತಿ ವಿಜೇತ’ ಚಿತ್ರಗಳು ಈ ಗೆರೆಯ ಅಂಚಿನಲ್ಲಿ ನಿಂತಿವೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಅದರ 16ನೇ ವಿಧಿ ಮಗುವಿನ ಖಾಸಗಿತನದ ಬಗ್ಗೆಯೇ ಇದೆ.

ಕಾನೂನಿಗಿಂತ ಮುಂಚೆ ಮರ್ಯಾದೆಯ ಪ್ರಶ್ನೆ ಇದೆ. ಇಟಲಿಯ ಅಲೆಸ್ಸಿಯೊ ಮಾಮೊ ಉತ್ತರ ಪ್ರದೇಶ, ಮಧ್ಯಪ್ರದೇಶದ ಬಡವರ ಮುಂದೆ ಮೇಜು ಹಾಕಿ, ನಕಲಿ ಭಕ್ಷ್ಯಗಳನ್ನು ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿದ ಚಿತ್ರಗಳು 2018ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆಯ ಇನ್‌ಸ್ಟಾಗ್ರಾಮ್ ಪುಟದಲ್ಲಿ ಬಂದಾಗ ಜಗತ್ತೆಲ್ಲ ಛೀಮಾರಿ ಹಾಕಿತು. ಅವರಲ್ಲಿ ಮಕ್ಕಳೂ ಇದ್ದರು. ಧಾರಾವಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ರಿಯಾಲಿಟಿ ಟೂರ್ಸ್ ಸಂಸ್ಥೆ ಮೊದಲಿನಿಂದಲೂ ಕ್ಯಾಮೆರಾ ಬಳಕೆಗೆ ತಡೆ ಹಾಕಿದೆ. ಪ್ರವಾಸಿಯ ಮೇಲೆ ಹಾಕಿದ ಈ ಕಟ್ಟಳೆ ಕಲಾವಿದನಿಗೆ ಬೇಡವೇ ಎಂದು ಕೇಳಿದರೆ ಛಾಯಾಗ್ರಾಹಕರು ಸಿಡಿಮಿಡಿಗೊಳ್ಳುತ್ತಾರೆ.

ಕ್ಯಾಮೆರಾವನ್ನೇ ಮಕ್ಕಳ ಕೈಗೆ ಕೊಡುವುದು ಇನ್ನೊಂದು ದಾರಿ. ಕೋಲ್ಕತ್ತದ ಸೋನಾಗಾಚಿಯಲ್ಲಿ ಜಾನಾ ಬ್ರಿಸ್ಕಿ ಲೈಂಗಿಕ ಕಾರ್ಯಕರ್ತೆಯರ ಮಕ್ಕಳಿಗೆ ಛಾಯಾಗ್ರಹಣ ಕಲಿಸಿದ ಕಥೆ ‘ಬಾರ್ನ್ ಇನ್‌ಟು ಬ್ರಾಥೆಲ್ಸ್’ ಎಂಬ ಸಾಕ್ಷ್ಯಚಿತ್ರವಾಗಿ 2005ರಲ್ಲಿ ಆಸ್ಕರ್ ಗೆದ್ದಿತು. ತಾಯಂದಿರನ್ನು ಖಳರಂತೆ ತೋರಿಸಿತೆಂಬ ಟೀಕೆಯನ್ನೂ ಕೇಳಿತು. ತಮಿಳುನಾಡಿನಲ್ಲಿ, ಗ್ರಾಮೀಣ ಭಾರತವನ್ನು ದಾಖಲಿಸುವ ‘ಪರಿ’ ಜಾಲತಾಣದ ಛಾಯಾಗ್ರಾಹಕ ಎಂ. ಪಳನಿ ಕುಮಾರ್ ಸಫಾಯಿ ಕಾರ್ಮಿಕರ, ಮೀನುಗಾರರ ಮಕ್ಕಳಿಗೆ ಕ್ಯಾಮೆರಾ ಕಲಿಸುತ್ತ ಬಂದಿದ್ದಾರೆ. ಥಾಣೆಯಲ್ಲಿ ಇಂಥ ಕೆಲಸ ರಂಗದ ಮೇಲೆ ನಡೆದಿದೆ: ಮರಾಠಿ ಲೇಖಕ ರತ್ನಾಕರ ಮತಕರಿ ಅವರ ಪ್ರೇರಣೆಯಿಂದ ಸಮತಾ ವಿಚಾರ ಪ್ರಸಾರಕ ಸಂಸ್ಥೆಯ ಆಶ್ರಯದಲ್ಲಿ ಬಡ ವಸತಿಗಳ ಹುಡುಗ ಹುಡುಗಿಯರು ತಮ್ಮ ಓಣಿಯ ಕಥೆಗಳನ್ನು ತಾವೇ ಬರೆದು ಆಡಿದರು. ಈಗ ಮನೆಯಲ್ಲೊಂದು ಮೊಬೈಲ್ ಫೋನ್ ಇದೆ. ಈ ಮಕ್ಕಳು ತೆಗೆದುಕೊಳ್ಳುವ ರೀಲುಗಳಲ್ಲಿ ಚಾಳಿನ ಮೆಟ್ಟಿಲು, ಡ್ರಮ್ಮು, ತಗಡಿನ ಗೋಡೆ ಹಿನ್ನೆಲೆಯಾಗಿ ಯಾವ ನಾಟಕವೂ ಇಲ್ಲದೆ ಬರುತ್ತವೆ. ಮುಂದಿನ ಇತಿಹಾಸಕಾರನಿಗೆ ಪ್ರದರ್ಶನದ ಕಪ್ಪು ಬಿಳುಪಿಗಿಂತ ಇವೇ ಹೆಚ್ಚು ಉಪಯೋಗಕ್ಕೆ ಬಂದಾವು.

ಕಿಸನ್ ನಗರದಂಥ ಕಡೆಗಳಲ್ಲಿ ಇಡೀ ವಸತಿಯನ್ನೇ ಕೆಡವಿ ಒಟ್ಟಿಗೆ ಕಟ್ಟುವ ಕ್ಲಸ್ಟರ್ ಪುನರಭಿವೃದ್ಧಿ ಶುರುವಾಗಿದೆ. ಓಣಿಗಳು ಹೋಗಿ ಗೋಪುರಗಳು ಬರಲಿವೆ. ಯಾವ ಕುಟುಂಬ ಯಾವ ಓಣಿಯಲ್ಲಿತ್ತು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಉಳಿಯುವುದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ದಶಕಗಳಿಂದ ಕನ್ನಡ ಸಂಘಗಳಿವೆ, ಕನ್ನಡ ಕಲಿಸಿದ ಶಿಕ್ಷಕರಿದ್ದಾರೆ, ಹವ್ಯಾಸಿ ಛಾಯಾಗ್ರಾಹಕರಿದ್ದಾರೆ. ಅವರ ಕಪಾಟುಗಳಲ್ಲಿ ಈ ವಸತಿಗಳ ಹಳೆಯ ಚಿತ್ರಗಳಿದ್ದರೆ ಹಿಂಬದಿಯಲ್ಲಿ ಓಣಿಯ ಹೆಸರು, ವರ್ಷ ಬರೆದಿಡಬೇಕು. ಚಿತ್ರದಲ್ಲಿರುವ ಕುಟುಂಬ ಸಿಕ್ಕರೆ ಒಂದು ಪ್ರತಿ ಮಾಡಿಸಿ ಅವರಿಗೆ ಮುಟ್ಟಿಸಬೇಕು. ಹೊಸದಾಗಿ ತೆಗೆಯುವವರು ಮಗುವನ್ನು ಹೊಸ್ತಿಲಿಗೆ ಕರೆಯದೆ, ಮನೆಯವರ ಒಪ್ಪಿಗೆ ಪಡೆದು ಒಳಗೆ ಹೋಗಿ, ನಾಲ್ಕು ಗೋಡೆಗಳನ್ನೂ ತೆಗೆಯಲಿ.